ನಡುಮಧ್ಯದ ಪೆಟ್ಟು

ಸೊಹಾರಿನ ಸನಾಯ್ಯಾದಲ್ಲಿ, ಟಯರು ಅಂಗಡಿಯ ಹಿಂದೆ,
ಇಪ್ಪತ್ತೆರಡು ವರ್ಷದಿಂದ ತಗಡಿನ ಸುಕ್ಕು ಬಿಡಿಸುತ್ತಿದ್ದೇನೆ.
ಇಸ್ತ್ರಿಯವನೆಂದು ತಮಾಷೆ ಮಾಡುತ್ತಾನೆ ಪೇಂಟರ್ ಬಾವುಂಞಿ.
ಹೌದು ಮಾರಾಯ, ಬಣ್ಣ ನಿನ್ನದು, ಓದು ನನ್ನದು.

ಪೆಟ್ಟು ಓದಲು ಯಾರೂ ಕಲಿಸಿದ್ದಲ್ಲ.
ಕಂಡವನ ಪೆಟ್ಟು ಮೂಲೆಗೆ ಬಿದ್ದಿರುತ್ತದೆ:
ಕೊನೆಯ ಗಳಿಗೆಯಲ್ಲಿ ಸ್ಟಿಯರಿಂಗ್ ತಿರುವಿರುತ್ತಾನೆ,
ಒಂದು ಹೆಡ್‌ಲೈಟು ಹೋಗಿ ಇನ್ನೊಂದು ಉಳಿದಿರುತ್ತದೆ,
ಬ್ರೇಕಿಗೆ ಮೂಗು ತಗ್ಗಿ ಬಂಪರಿನ ತಳ ಗೀರಿರುತ್ತದೆ.
ಕಾಣದವನದ್ದು ನಡುಮಧ್ಯ.
ದಾರ ಹಿಡಿದು ಅಳೆದಷ್ಟು ನೇರ.
ಎರಡು ದೀಪಗಳ ನಡುವೆ ಕಂಬ ಬಂದು ಕೂತಿರುತ್ತದೆ,
ಕರೆದ ನೆಂಟನಂತೆ.

ಈಚೆಗೆ ಬರುವುದೆಲ್ಲ ನಡುಮಧ್ಯದ್ದೇ.
ಲೈಸೆನ್ಸಿನ ಫೋಟೋದಲ್ಲಿ
ಮೀಸೆ ಇನ್ನೂ ಅನುಮಾನದಲ್ಲಿರುವ ಹುಡುಗರು.

ಬುಧವಾರ ರಿಕವರಿಯವನು ಇಳಿಸಿ ಹೋದದ್ದು ಒಂದು ಬಿಳಿ ಆಲ್ಟಿಮಾ.
ಇಂಜಿನ್ನು ಡ್ಯಾಶ್‌ಬೋರ್ಡಿನ ಮಡಿಲಿಗೆ ಬಂದಿತ್ತು.
ಇದು ರಿಪೇರಿಯಲ್ಲ, ಗುಜರಿ ಎಂದೆ. ಆದರೂ ಕೈ ಸುಮ್ಮನಿರುವುದಿಲ್ಲ.
ಡ್ರೈವರ್ ಕಡೆಯ ಬೆಲ್ಟು ಎಳೆದೆ: ಬಿಗಿದು ಕಚ್ಚಿಕೊಂಡಿತ್ತು,
ಹಿಡಿದದ್ದು ಬಿಡೆನೆಂದು ಹಟಮಾಡುವ ಮಗು.
ಬಲಗಡೆಯದನ್ನು ಎಳೆದೆ.
ಸರ್ರನೆ ಬಂತು. ಬಿಟ್ಟರೆ ಸರ್ರನೆ ಹೋಯಿತು,
ಶೋರೂಮಿನಿಂದ ಇಳಿದಾಗ ಇದ್ದ ಹಾಗೆ.
ಮತ್ತೊಮ್ಮೆ ಎಳೆಯಲಿಲ್ಲ.

ಅಸರ್ ಬಾಂಗಿನ ಹೊತ್ತಿಗೆ ಹುಡುಗ ಬಂದ. ಮುಹನ್ನದ್.
ಕೊರಳಿಗೆ ಪಟ್ಟಿ, ಹಣೆಗೆ ಏಳು ಹೊಲಿಗೆ.
ಟೊಪ್ಪಿ ಹೊಲಿಗೆಯ ಮೇಲೆ ಕೂರದೆ ಕೈಯಲ್ಲೇ ಇತ್ತು.
ಎಷ್ಟು ದಿನ, ಎಷ್ಟು ರಿಯಾಲು, ಏನೂ ಕೇಳಲಿಲ್ಲ.
"ಒಂದು ಚಪ್ಪಲಿ ಸಿಕ್ಕಿತೇ? ಎಡಗಾಲಿನದು.
ಆಸ್ಪತ್ರೆಯವರು ಕೊಟ್ಟದ್ದು ಒಂದೇ.
ಅವನ ತಾಯಿ ಇನ್ನೊಂದನ್ನು ಕೇಳುತ್ತಿದ್ದಾರೆ."

ಸೀಟಿನಡಿ ಕೈ ಹಾಕಿದೆ.
ಚಹಾ ಕುಡಿದ ಕಾಗದದ ಲೋಟ, ಸೂರ್ಯಕಾಂತಿ ಬೀಜದ ಸಿಪ್ಪೆ,
ಚಾರ್ಜರಿನ ವಯರು, ಗಾಜಿನ ಹರಳು. ಹರಳು. ಹರಳು.
ಕೊನೆಗೆ ಹಿಂದಿನ ಸೀಟಿನ ತಳದಲ್ಲಿ ಸಿಕ್ಕಿತು,
ಕಂದು ಚರ್ಮದ್ದು,
ಹೆಬ್ಬೆರಳು ಊರಿದಲ್ಲಿ ಕಪ್ಪು ಗುಳಿ.
ಎರಡೂ ಕೈಯೊಡ್ಡಿ ತೆಗೆದುಕೊಂಡ.

"ನಗು ಬರುವಂಥ ಒಂದು ಚಿತ್ರ ಬಂದಿತ್ತು, ಅಷ್ಟೇ," ಎಂದ.
ನಾನು ಕೇಳಿರಲಿಲ್ಲ.
"ಅವನಿಗೂ ತೋರಿಸೋಣವೆಂದು ಫೋನು ಆ ಕಡೆ ತಿರುಗಿಸಿದೆ.
ನಕ್ಕ."
ನನ್ನ ಅರಬ್ಬಿ ಗ್ಯಾರೇಜಿನದು:
ಗೇರು, ಗ್ರೀಸು, ನಾಳೆ, ಇನ್ಶಾ ಅಲ್ಲಾ.
ಆದರೂ ಪೂರಾ ಅರ್ಥವಾಯಿತು.

ಬುದ್ಧಿ ಹೇಳಬಹುದಿತ್ತು. ವಯಸ್ಸಿದೆ ನನಗೆ.
ಆದರೆ ಹೋದ ರಂಜಾನಿನಲ್ಲಿ, ಬರ್ಕಾದಿಂದ ಬರುವಾಗ,
ನೂರಿಪ್ಪತ್ತರ ವೇಗದಲ್ಲಿ ನಾನೂ ಓದಿದ್ದೆ
ನನ್ನವಳು ಕಳಿಸಿದ ಮೂರು ಶಬ್ದ:
ಕೊತ್ತಂಬರಿ ಸೊಪ್ಪು, ಮರೀಬೇಡಿ.
ತಲೆಯೆತ್ತಿದಾಗ ಎರಡು ದೀಪದ ಕಂಬ ಹಿಂದೆ ಹೋಗಿದ್ದವು.
ದಾಟಿದವನು ನಾನೇ, ಕಂಡವನು ನಾನಲ್ಲ.
ಅವೆರಡರ ನಡುವೆ ಕಾರು ಓಡಿಸಿದ್ದು ಯಾರು?
ಮನೆಗೆ ಬಂದು ಸೊಪ್ಪು ಕೊಟ್ಟೆ. ಬಾಡಿದೆ ಎಂದಳು.
ಅಷ್ಟಕ್ಕೇ ಮುಗಿಯಿತು ನನ್ನ ಅಪಘಾತ.

ಹುಡುಗ ಹೊರಟ. ಆಚೆ ಚಿಕ್ಕಪ್ಪನ ಪಿಕಪ್ಪು ನಿಂತಿತ್ತು.
ಮುಂದಿನ ಬಾಗಿಲು ತೆರೆದುಕೊಟ್ಟರೂ ಹಿಂದೆ ಹತ್ತಿದ.
ಬೆಲ್ಟು ಹಾಕಿಕೊಂಡ. ಏನೋ ನೆನೆದು ಬಿಚ್ಚಿದ.
ಚಪ್ಪಲಿಯನ್ನು ಎದೆಗೆ ಒತ್ತಿ,
ಅದನ್ನೂ ಒಳಗೆ ಸೇರಿಸಿ ಮತ್ತೆ ಬಿಗಿದ.

ಬಾವುಂಞಿಯ ಕಂಪ್ರೆಸರ್ ಆಗಷ್ಟೇ ನಿಂತಿತ್ತು.
ಕ್ಲಿಕ್ ಎಂದದ್ದು ಇಲ್ಲಿಯ ತನಕ ಕೇಳಿಸಿತು.